ತಳಿ ಕೆಟ್ಟಿತೇ, ರೋಗ ಬದಲಾಯಿತೇ?
ಗೋಧಿಯ ತುಕ್ಕು ರೋಗದ ಪಂಗಡಗಳು – ರೈತರು ತಿಳಿದಿರಬೇಕಾದ ವಿಷಯಗಳು



ಗೋಧಿ ಬೆಳೆಯುವ ಊರುಗಳಿಗೆ ಹೋದಾಗಲೆಲ್ಲ ನಮಗೆ ಎದುರಾಗುವ ಪ್ರಶ್ನೆಯೊಂದಿದೆ. “ಮೂರು ನಾಲ್ಕು ವರ್ಷ ಈ ತಳಿಗೆ ತುಕ್ಕು ಹತ್ತಿರಲಿಲ್ಲ. ಈ ವರ್ಷ ಎಲೆಯೆಲ್ಲ ಕೆಂಪಾಗಿದೆ. ಬೀಜವೇ ಕೆಟ್ಟಿತೇನು?” ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಗದಿದ್ದರೆ ರೈತನಿಗೆ ಎರಡು ಬಗೆಯ ಹಾನಿ. ಒಂದು, ಬೀಜ ಕೊಟ್ಟವರನ್ನು ದೂರಿ, ಅದೇ ತಳಿಯ ಬೇರೆ ಬೀಜವನ್ನು ಇನ್ನೊಂದು ಅಂಗಡಿಯಿಂದ ತಂದು, ಮತ್ತೆ ಅದೇ ರೋಗಕ್ಕೆ ಬೆಳೆಯನ್ನು ಒಪ್ಪಿಸುವುದು. ಎರಡು, ಬೀಜೋಪಚಾರ, ಮಣ್ಣಿಗೆ ಔಷಧಿ ಎಂದು ಉಪಯೋಗವಿಲ್ಲದ ಕಡೆ ಹಣ ಸುರಿಯುವುದು.

ತೇರದಾಳ, ರಬಕವಿ-ಬನಹಟ್ಟಿ, ಜಮಖಂಡಿ, ಮುಧೋಳ ಮತ್ತು ಬೀಳಗಿ ಭಾಗದಲ್ಲಿ ಕಬ್ಬು, ಅರಿಷಿಣ, ಗೋವಿನಜೋಳಗಳ ನಡುವೆ ಗೋಧಿಗೆ ಸಿಗುವ ಹೊಲ ಕಡಿಮೆ. ಆದರೂ ಮನೆಯ ಹೋಳಿಗೆ, ಹುಗ್ಗಿ, ಮಾದಲಿ, ಶಾವಿಗೆಗಳಿಗೆ ಬೇಕಾದ ಕಾಳು ಅದೇ. ಇಲ್ಲಿ ಜವೆ ಗೋಧಿ, ಬನ್ಸಿ ಗೋಧಿ ಮತ್ತು ಚಪಾತಿ ಗೋಧಿ ಎಂಬ ಮೂರೂ ಬಗೆಗಳು ಬೆಳೆಯುತ್ತವೆ. ಮೂರಕ್ಕೂ ತುಕ್ಕು ರೋಗದ ಭಯ ಇದ್ದೇ ಇದೆ. ಈ ರೋಗದ ಶಿಲೀಂಧ್ರ ಒಂದೇ ರೀತಿ ಇರುವುದಿಲ್ಲ, ಕಾಲಕಾಲಕ್ಕೆ ತನ್ನ ಗುಣವನ್ನು ಬದಲಿಸುತ್ತದೆ ಎಂಬುದನ್ನು ಅರಿತರೆ ಮೇಲಿನ ಪ್ರಶ್ನೆಗೆ ಉತ್ತರ ತಾನಾಗಿಯೇ ದೊರೆಯುತ್ತದೆ.

ಮೊದಲು ರೋಗವನ್ನು ಗುರುತಿಸಿ

ಭಂಡಾರ ರೋಗ, ಕುಂಕುಮ ರೋಗ ಎಂದೂ ಕರೆಯುವ ತುಕ್ಕು ರೋಗದಲ್ಲಿ ಮೂರು ಬಗೆಗಳಿವೆ.

ಕಂದು ತುಕ್ಕು: ಎಲೆಯ ಮೇಲ್ಭಾಗದಲ್ಲಿ ಕಿತ್ತಳೆ ಮಿಶ್ರಿತ ಕಂದು ಬಣ್ಣದ, ಸಣ್ಣ, ದುಂಡನೆಯ ಗುಳ್ಳೆಗಳು ಅಲ್ಲಲ್ಲಿ ಚದುರಿರುತ್ತವೆ.

ಕಪ್ಪು ತುಕ್ಕು: ದಂಟು, ಎಲೆಯ ಬುಡದ ಹೊದಿಕೆ ಮತ್ತು ಎಲೆಗಳ ಮೇಲೆ ಇಟ್ಟಿಗೆ ಬಣ್ಣದ ಉದ್ದನೆಯ ಗುಳ್ಳೆಗಳು ಏಳುತ್ತವೆ. ಗುಳ್ಳೆಯ ಅಂಚಿನಲ್ಲಿ ದಂಟಿನ ಸಿಪ್ಪೆ ಹರಿದು ನಿಂತಿರುತ್ತದೆ. ಬೆಳೆ ಬಲಿಯುವಾಗ ಈ ಗುಳ್ಳೆಗಳು ಕಪ್ಪಾಗುತ್ತವೆ.

ಹಳದಿ ತುಕ್ಕು: ಎಲೆಯ ನರಗಳ ಉದ್ದಕ್ಕೂ ಹಳದಿ ಗುಳ್ಳೆಗಳು ಹೊಲಿಗೆ ಹಾಕಿದಂತೆ ಸಾಲಾಗಿರುತ್ತವೆ. ಇದಕ್ಕೆ ತಂಪು ಹವೆ ಬೇಕು. ಉತ್ತರ ಭಾರತದಲ್ಲಿಯೂ ನೀಲಗಿರಿಯ ಎತ್ತರದಲ್ಲಿಯೂ ಕಾಣುವ ಈ ರೋಗ ನಮ್ಮ ಬಯಲುಸೀಮೆಯ ಬಿಸಿಲಿಗೆ ನಿಲ್ಲುವುದಿಲ್ಲ. ಆದ್ದರಿಂದ ನಮ್ಮ ಭಾಗಕ್ಕೆ ಕಂದು ಮತ್ತು ಕಪ್ಪು ತುಕ್ಕುಗಳೇ ಮುಖ್ಯ.

ಗುಳ್ಳೆಯ ಮೇಲೆ ಬೆರಳಾಡಿಸಿ. ಬೆರಳಿಗೆ ಕುಂಕುಮದಂತಹ ಪುಡಿ ಅಂಟಿದರೆ ಅದು ತುಕ್ಕು. ಎಲೆ ಒಣಗಿ ಮಚ್ಚೆಗಳಿದ್ದರೂ ಪುಡಿ ಅಂಟದಿದ್ದರೆ ಅದು ಎಲೆ ಅಂಗಮಾರಿಯಂತಹ ಬೇರೆ ರೋಗ. ಬೆರಳಿಗೆ ಅಂಟುವ ಪುಡಿಯೇ ಶಿಲೀಂಧ್ರದ ಬೀಜಕಣಗಳು. ಇವು ಗಾಳಿಯಲ್ಲಿ ಹಾರಿ ಇನ್ನೊಂದು ಎಲೆಯ ಮೇಲೆ ಕುಳಿತು, ಇಬ್ಬನಿಯ ತೇವದಲ್ಲಿ ಮೊಳೆತು ಎಲೆಯೊಳಕ್ಕೆ ಸೇರುತ್ತವೆ. ಹವೆ ಅನುಕೂಲವಾಗಿದ್ದರೆ ಒಂದೆರಡು ವಾರದಲ್ಲಿ ಅಲ್ಲಿಯೂ ಗುಳ್ಳೆಯೆದ್ದು ಹೊಸ ಪುಡಿ ಹೊರಬರುತ್ತದೆ. ಒಂದೇ ಹಂಗಾಮಿನಲ್ಲಿ ಈ ಚಕ್ರ ಹಲವು ಸಲ ತಿರುಗುತ್ತದೆ.

ಒಂದೇ ರೋಗ, ಹಲವು ಪಂಗಡಗಳು

ಗೋವಿನಜೋಳದ ಎಲೆಯ ಮೇಲೂ ಜೋಳದ ಎಲೆಯ ಮೇಲೂ ತುಕ್ಕು ಕಾಣುತ್ತದೆ. ಅದು ಪಕ್ಕದ ಗೋಧಿಗೆ ಹತ್ತೀತೆಂದು ಕೆಲವರು ಹೆದರುತ್ತಾರೆ. ಆ ಹೆದರಿಕೆ ಬೇಡ. ಆ ಬೆಳೆಗಳ ತುಕ್ಕಿನ ಶಿಲೀಂಧ್ರಗಳೇ ಬೇರೆ. ಕಪ್ಪು ತುಕ್ಕಿನ ಶಿಲೀಂಧ್ರ ನೋಡಲು ಒಂದೇ ಆಗಿದ್ದರೂ, ಅದರಲ್ಲಿ ಗೋಧಿಗೆ ಹತ್ತುವುದು ಬೇರೆ, ಓಟ್ಸ್ ಬೆಳೆಗೆ ಹತ್ತುವುದು ಬೇರೆ ಎಂದು ಸ್ವೀಡನ್ ದೇಶದ ಯಾಕೋಬ್ ಎರಿಕ್ಸನ್ 1894ರಲ್ಲಿಯೇ ತೋರಿಸಿಕೊಟ್ಟರು.

ಗೋಧಿಗೆ ಹತ್ತುವ ಕಪ್ಪು ತುಕ್ಕಿನಲ್ಲಿಯೇ ಮತ್ತೆ ಒಳಭೇದಗಳಿವೆ ಎಂಬುದನ್ನು ಕಂಡುಹಿಡಿದವರು ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದ ಇ.ಸಿ. ಸ್ಟೇಕ್ಮನ್ ಮತ್ತು ಅವರ ಸಂಗಡಿಗರು. ಒಂದು ಹೊಲದ ಪುಡಿ ಒಂದು ತಳಿಯನ್ನು ಹಿಡಿದು ಇನ್ನೊಂದನ್ನು ಬಿಡುತ್ತಿತ್ತು. ಬೇರೆ ಊರಿನ ಪುಡಿ ಅದಕ್ಕೆ ವಿರುದ್ಧವಾಗಿ ನಡೆದುಕೊಳ್ಳುತ್ತಿತ್ತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡೂ ಒಂದೇ. ವ್ಯತ್ಯಾಸವಿದ್ದದ್ದು ರೂಪದಲ್ಲಿ ಅಲ್ಲ, ಯಾವ ತಳಿಗೆ ರೋಗ ಹತ್ತಿಸಬಲ್ಲದು ಎಂಬ ಶಕ್ತಿಯಲ್ಲಿ. ಇಂತಹ ಒಳಭೇದಗಳನ್ನು ವಿಜ್ಞಾನಿಗಳು ‘ರೇಸ್’ ಎನ್ನುತ್ತಾರೆ. ನಾವು ‘ಪಂಗಡ’ ಎನ್ನೋಣ.

ಪಂಗಡಗಳನ್ನು ಗುರುತಿಸಲು ಸ್ಟೇಕ್ಮನ್ ಮತ್ತು ಲೆವಿನ್ ಅವರು 1922ರಲ್ಲಿ ಹನ್ನೆರಡು ಗೋಧಿ ತಳಿಗಳ ಗುಂಪೊಂದನ್ನು ಗೊತ್ತುಮಾಡಿದರು. ಹನ್ನೆರಡೂ ತಳಿಗಳ ಸಸಿಗಳಿಗೆ ಪುಡಿ ಹಚ್ಚಿ, ಯಾವುದು ರೋಗಕ್ಕೆ ಬಿತ್ತು, ಯಾವುದು ತಡೆಯಿತು ಎಂದು ಬರೆದುಕೊಂಡರೆ ಆ ಪಂಗಡದ ಗುರುತು ಸಿಗುತ್ತದೆ. ಈ ಹನ್ನೆರಡರಲ್ಲಿ ಒಂದರ ಹೆಸರು ‘ಖಪ್ಲಿ’. ಅದು ಭಾರತದಿಂದ ಹೋದ ಗೋಧಿ. ನಾವು ಜವೆ ಗೋಧಿ ಅಥವಾ ಸದಕ ಎಂದು ಕರೆಯುವ ಜಾತಿಯೇ ಅದು. ಅಂದು ಪರೀಕ್ಷಿಸಿದ ಪಂಗಡಗಳಲ್ಲಿ ಹೆಚ್ಚಿನವನ್ನು ಖಪ್ಲಿ ತಡೆದು ನಿಂತಿತ್ತು. ನಮ್ಮ ಹಿರಿಯರು ಹುಗ್ಗಿಗೆಂದು ಉಳಿಸಿಕೊಂಡು ಬಂದ ಕಾಳು ಜಗತ್ತಿನ ರೋಗ ಶಾಸ್ತ್ರಜ್ಞರಿಗೆ ಒಂದು ಅಳತೆಗೋಲಾಯಿತು.

ಗಿಡ ರೋಗವನ್ನು ತಡೆಯುವುದು ಹೇಗೆ?

ಈ ಗುಟ್ಟನ್ನು ಬಿಡಿಸಿದವರು ಅಮೆರಿಕದ ಉತ್ತರ ಡಕೋಟದ ಎಚ್.ಎಚ್. ಫ್ಲೋರ್. ಅವರು 1940ರ ದಶಕದಲ್ಲಿ ಕೆಲಸ ಮಾಡಿದ್ದು ಅಗಸಿ ಬೆಳೆಯ ತುಕ್ಕಿನ ಮೇಲೆ. ಗಿಡದಲ್ಲಿ ರೋಗ ತಡೆಯುವ ಒಂದೊಂದು ವಂಶವಾಹಿಗೂ ಶಿಲೀಂಧ್ರದಲ್ಲಿ ಅದಕ್ಕೆ ಜೋಡಿಯಾದ ಒಂದೊಂದು ವಂಶವಾಹಿ ಇದೆ ಎಂದು ಅವರು ತೋರಿಸಿದರು. ಗೋಧಿಗೂ ಈ ಮಾತು ಸಲ್ಲುತ್ತದೆ.

ಇದನ್ನು ಹೀಗೆ ತಿಳಿಯಬಹುದು. ಗಿಡದ ನಿರೋಧಕ ವಂಶವಾಹಿ ಹೊಲ ಕಾಯುವ ಕಾವಲುಗಾರನಿದ್ದಂತೆ. ಅವನಿಗೆ ಕಳ್ಳನ ಒಂದೇ ಒಂದು ಗುರುತು ಗೊತ್ತು. ತಲೆಗೆ ಸುತ್ತಿದ ಕೆಂಪು ರುಮಾಲು ಎನ್ನೋಣ. ಕೆಂಪು ರುಮಾಲಿನವನು ಬದುವಿಗೆ ಕಾಲಿಟ್ಟ ಕೂಡಲೆ ಕಾವಲುಗಾರ ಕೂಗುತ್ತಾನೆ. ಆಗ ಗಿಡವು ಶಿಲೀಂಧ್ರ ಹೊಕ್ಕ ಜಾಗದ ಜೀವಕೋಶಗಳನ್ನೇ ಸಾಯಿಸಿಬಿಡುತ್ತದೆ. ಜೀವಂತ ಗಿಡದ ಮೇಲೆ ಮಾತ್ರ ಬದುಕುವ ಶಿಲೀಂಧ್ರ ಅಲ್ಲಿಯೇ ಹಸಿದು ಸಾಯುತ್ತದೆ. ಎಲೆಯ ಮೇಲೆ ಒಂದು ಸಣ್ಣ ಒಣ ಚುಕ್ಕೆ ಮಾತ್ರ ಉಳಿಯುತ್ತದೆ. ಆದರೆ ಕಳ್ಳ ರುಮಾಲನ್ನು ಬಿಚ್ಚಿಟ್ಟು ಬಂದರೆ? ಕಾವಲುಗಾರ ಎಚ್ಚರವಾಗಿಯೇ ಇರುತ್ತಾನೆ, ಆದರೆ ಗುರುತು ಹಿಡಿಯುವುದಿಲ್ಲ. ರೋಗ ಒಳಗೆ ಬರುತ್ತದೆ.

ತಳಿ ತನ್ನ ಶಕ್ತಿಯನ್ನು ಕಳೆದುಕೊಂಡಿಲ್ಲ. ಅದರ ವಂಶವಾಹಿ ಹಾಗೆಯೇ ಇದೆ. ಗುರುತು ಬಿಟ್ಟ ಹೊಸ ಪಂಗಡ ಬಂದಿದೆ, ಅಷ್ಟೆ. ಇದೇ ಈ ಲೇಖನದ ಮುಖ್ಯ ಮಾತು.

ಹೊಸ ಪಂಗಡ ಹುಟ್ಟುವ ಬಗೆ

ಶಿಲೀಂಧ್ರದ ವಂಶವಾಹಿಯಲ್ಲಿ ಅಪರೂಪಕ್ಕೊಮ್ಮೆ ತಾನಾಗಿಯೇ ಹಠಾತ್ ಬದಲಾವಣೆ ಆಗುತ್ತದೆ. ಅಪರೂಪವಾದರೆ ನಮಗೇನು ಭಯ ಎನ್ನಬಹುದು. ಒಂದು ಲೆಕ್ಕ ಮಾಡಿ ನೋಡೋಣ. ಒಂದು ಎಕರೆ ಗೋಧಿಯಲ್ಲಿ ಹತ್ತು ಲಕ್ಷ ದಂಟುಗಳಿವೆ ಎಂದುಕೊಳ್ಳಿ. ದಂಟಿಗೆ ಹತ್ತು ಗುಳ್ಳೆ, ಗುಳ್ಳೆಗೆ ದಿನವೊಂದಕ್ಕೆ ಸಾವಿರ ಬೀಜಕಣ ಎಂದು ಹಿಡಿದರೆ, ಆ ಒಂದು ಎಕರೆಯಿಂದ ದಿನಕ್ಕೆ ಸಾವಿರ ಕೋಟಿ ಕಣಗಳು ಹೊರಬೀಳುತ್ತವೆ. ಕೋಟಿಗೆ ಒಂದು ಕಣ ಮಾತ್ರ ಬದಲಾದರೂ ದಿನಕ್ಕೆ ಸಾವಿರ ಬದಲಾದ ಕಣಗಳಾದವು. ಇದು ತಿಳಿವಳಿಕೆಗಾಗಿ ಮಾಡಿದ ಲೆಕ್ಕ. ಬದಲಾದ ಕಣಗಳಲ್ಲಿ ಬಹುತೇಕ ವ್ಯರ್ಥವಾಗುತ್ತವೆ. ಆದರೆ ಗುರುತು ಕಳಚಿದ ಒಂದೇ ಒಂದು ಕಣ ಸರಿಯಾದ ತಳಿಯ ಎಲೆಯ ಮೇಲೆ ಬಿದ್ದರೆ ಸಾಕು.

ಇಲ್ಲಿ ನಮ್ಮ ಕೈವಾಡವೂ ಇದೆ. ಊರಿಗೆ ಊರೇ ಒಂದೇ ತಳಿಯನ್ನು ಬಿತ್ತಿದಾಗ ಹಳೆಯ ಪಂಗಡಗಳಿಗೆ ಆಹಾರ ಸಿಗುವುದಿಲ್ಲ. ಆ ತಳಿಯನ್ನು ಗೆದ್ದ ಹೊಸ ಪಂಗಡಕ್ಕೆ ಎದುರಾಳಿಯೇ ಇಲ್ಲದೆ ಸಾವಿರಾರು ಎಕರೆ ಸಿಗುತ್ತದೆ. ಪಂಗಡವನ್ನು ನಾವು ಹುಟ್ಟಿಸುವುದಿಲ್ಲ, ಆದರೆ ಆರಿಸಿ ಬೆಳೆಸುವವರು ನಾವೇ.

ಇನ್ನೆರಡು ದಾರಿಗಳೂ ಉಂಟು. ತಂಪು ದೇಶಗಳಲ್ಲಿ ಬಾರ್ಬೆರಿ ಎಂಬ ಪೊದೆಯ ಮೇಲೆ ಕಪ್ಪು ತುಕ್ಕಿನ ಲೈಂಗಿಕ ಸಂಯೋಗ ನಡೆದು ಹೊಸ ಪಂಗಡಗಳು ಹುಟ್ಟುತ್ತವೆ. ನಮ್ಮ ದೇಶದಲ್ಲಿ ಈ ಪೊದೆಗೆ ಅಂತಹ ಪಾತ್ರವಿಲ್ಲ. ಮತ್ತೊಂದು, ತುಕ್ಕಿನ ಬೀಜಕಣದಲ್ಲಿ ಎರಡು ಕೋಶಕೇಂದ್ರಗಳಿರುತ್ತವೆ. ಎರಡು ಪಂಗಡಗಳು ಒಂದೇ ಎಲೆಯಲ್ಲಿ ಕೂಡಿದಾಗ ಈ ಕೇಂದ್ರಗಳು ಅದಲುಬದಲಾಗಬಹುದು. ಆಫ್ರಿಕದ ಪ್ರಸಿದ್ಧ ‘ಯುಜಿ 99’ ಪಂಗಡ ಹುಟ್ಟಿದ್ದು ಹೀಗೆಯೇ ಎಂದು 2019ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿತು.

ಪಂಗಡದ ಸಂಖ್ಯೆಯನ್ನು ಓದುವುದು

ಸಂಶೋಧನಾ ವರದಿಗಳಲ್ಲಿ ‘62ಜಿ29’ ಎಂಬಂತಹ ಬರಹವನ್ನು ನೀವು ಕಂಡಿರಬಹುದು. ಇದು 40ಎ ಎಂಬ ಕಪ್ಪು ತುಕ್ಕಿನ ಪಂಗಡದ ಸಂಖ್ಯೆ. ಇದನ್ನು ಓದುವುದು ಕಷ್ಟವಲ್ಲ. ನಡುವಿನ ಅಕ್ಷರ ಯಾವ ತುಕ್ಕು ಎಂಬುದನ್ನು ಹೇಳುತ್ತದೆ: ‘ಜಿ’ ಎಂದರೆ ಕಪ್ಪು, ‘ಆರ್’ ಎಂದರೆ ಕಂದು, ‘ಎಸ್’ ಎಂದರೆ ಹಳದಿ. ಅಕ್ಷರದ ಎಡಬಲದ ಸಂಖ್ಯೆಗಳು ಪರೀಕ್ಷಾ ತಳಿಗಳ ಎರಡು ಗುಂಪುಗಳಿಗೆ ಸೇರಿದವು. ಪ್ರತಿ ಗುಂಪಿನ ತಳಿಗಳಿಗೆ ಕ್ರಮವಾಗಿ 1, 2, 4, 8, 16, 32, 64 ಎಂಬ ಬೆಲೆ ಕೊಡಲಾಗಿದೆ. ರೋಗಕ್ಕೆ ಬಿದ್ದ ತಳಿಗಳ ಬೆಲೆಗಳನ್ನು ಮಾತ್ರ ಕೂಡಬೇಕು.

62 ಎಂದರೆ 2+4+8+16+32. ಅಂದರೆ ಮೊದಲ ಗುಂಪಿನಲ್ಲಿ ಐದು ತಳಿಗಳು ರೋಗಕ್ಕೆ ಬಿದ್ದಿವೆ. 29 ಎಂದರೆ 1+4+8+16. ಎರಡನೆಯ ಗುಂಪಿನಲ್ಲಿ ನಾಲ್ಕು ಬಿದ್ದಿವೆ. ಈ ಬೆಲೆಗಳನ್ನು ಬೇರೆ ಯಾವ ರೀತಿ ಕೂಡಿದರೂ ಅದೇ ಮೊತ್ತ ಬರುವುದಿಲ್ಲವಾದ್ದರಿಂದ ಸಂಖ್ಯೆ ನೋಡಿದ ಕೂಡಲೆ ಯಾವ ತಳಿಗಳು ಬಿದ್ದವೆಂದು ಹೇಳಬಹುದು. ಕಂದು ತುಕ್ಕಿನಲ್ಲಿ 77ನೆಯ ಪಂಗಡದಿಂದ ಒಡೆದ 77-5 ಮತ್ತು 77-9 ಎಂಬ ಪಂಗಡಗಳು ಕಳೆದ ಕೆಲವು ದಶಕಗಳಲ್ಲಿ ದೇಶದಲ್ಲಿ ಹೆಚ್ಚಾಗಿ ಕಂಡುಬಂದಿವೆ.

ತಳಿಗಳ ಬಗ್ಗೆ ‘40ಎಸ್’, ‘5ಎಂಆರ್’ ಎಂಬ ಬರಹವೂ ಇರುತ್ತದೆ. ಇದು ಹೊಲದಲ್ಲಿನ ಅಳತೆ. ಮೊದಲಿನ ಅಂಕೆ ಗಿಡದ ಮೇಲೆ ಶೇಕಡಾ ಎಷ್ಟು ತುಕ್ಕು ಇದೆ ಎಂಬುದನ್ನೂ, ಅಕ್ಷರ ಗುಳ್ಳೆಯ ಸ್ವಭಾವವನ್ನೂ ತಿಳಿಸುತ್ತದೆ. ‘ಎಸ್’ ಇದ್ದರೆ ಗುಳ್ಳೆಗಳು ದೊಡ್ಡವು, ತಳಿ ರೋಗಕ್ಕೆ ಒಳಗಾಗುತ್ತದೆ. ‘ಎಂಆರ್’ ಇದ್ದರೆ ಗುಳ್ಳೆಗಳು ಸಣ್ಣವು, ತಳಿ ತಕ್ಕಮಟ್ಟಿಗೆ ತಡೆಯುತ್ತದೆ. ಆದ್ದರಿಂದ 5ಎಂಆರ್ ತಳಿಯನ್ನು ಧೈರ್ಯವಾಗಿ ಬಿತ್ತಬಹುದು. 40ಎಸ್ ತಳಿಯನ್ನು ಬಿತ್ತುವ ಮೊದಲು ಯೋಚಿಸಬೇಕು.

ತುಕ್ಕು ನಮ್ಮ ಹೊಲಕ್ಕೆ ಬರುವ ದಾರಿ

ನಮ್ಮ ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ ಗೋಧಿಯ ಹಸಿರು ಗಿಡ ಇರುವುದಿಲ್ಲ, ತುಕ್ಕಿನ ಪುಡಿಯೂ ಬದುಕುವುದಿಲ್ಲ. ಹಾಗಾದರೆ ಮುಂದಿನ ಹಿಂಗಾರಿಗೆ ರೋಗ ಎಲ್ಲಿಂದ ಬರುತ್ತದೆ? ಇದಕ್ಕೆ ಉತ್ತರ ಹುಡುಕಿದವರು ಆಗ್ರಾದ ಪ್ರೊ. ಕೆ.ಸಿ. ಮೆಹ್ತಾ. ಅಂಟು ಸವರಿದ ಗಾಜಿನ ಪಟ್ಟಿಗಳನ್ನು ಗಾಳಿಗೆ ಒಡ್ಡಿ, ಹಾರಿಬರುವ ಕಣಗಳನ್ನು ಹಿಡಿದು, ಬೆಟ್ಟ ಬಯಲುಗಳನ್ನು ಸುತ್ತಿ ಅವರು ಹಲವು ವರ್ಷ ಅಧ್ಯಯನ ಮಾಡಿದರು. ದಕ್ಷಿಣ ಭಾರತಕ್ಕೆ ನೀಲಗಿರಿ ಮತ್ತು ಪಳನಿ ಬೆಟ್ಟಗಳೇ ತುಕ್ಕಿನ ತವರು ಎಂದು ತೋರಿಸಿಕೊಟ್ಟರು. ಅಲ್ಲಿನ ತಂಪಿನಲ್ಲಿ ವರ್ಷವಿಡೀ ಗೋಧಿ ಬೆಳೆಯೋ ತಾನಾಗಿ ಹುಟ್ಟಿದ ಗಿಡಗಳೋ ಇರುವುದರಿಂದ ರೋಗ ಉಳಿಯುತ್ತದೆ. ಮೆಹ್ತಾ ಅವರು 1930ರ ದಶಕದಲ್ಲಿ ಸಿಮ್ಲಾದ ಫ್ಲವರ್‌ಡೇಲ್‌ನಲ್ಲಿ ಆರಂಭಿಸಿದ ಕೇಂದ್ರ ಇಂದಿಗೂ ದೇಶದ ತುಕ್ಕು ಪಂಗಡಗಳನ್ನು ಗುರುತಿಸುವ ಕೆಲಸ ಮಾಡುತ್ತಿದೆ.

ಮುಂದೆ 1970ರ ದಶಕದಲ್ಲಿ ಎಸ್. ನಾಗರಾಜನ್ ಮತ್ತು ಅವರ ಸಂಗಡಿಗರು, ನವೆಂಬರ್ ಸುಮಾರಿಗೆ ಬಂಗಾಳ ಕೊಲ್ಲಿಯಲ್ಲಿ ಏಳುವ ಚಂಡಮಾರುತಗಳು ನೀಲಗಿರಿಯ ಕಣಗಳನ್ನು ಎತ್ತಿಕೊಂಡು ಬಂದು ಮಳೆಯೊಡನೆ ಮಧ್ಯ ಭಾರತದವರೆಗೂ ಇಳಿಸುತ್ತವೆ ಎಂದು ಹವಾಮಾನದ ನಕ್ಷೆಗಳ ಸಹಾಯದಿಂದ ವಿವರಿಸಿದರು. 1946-47ರಲ್ಲಿ ಮಧ್ಯ ಭಾರತದ ಗೋಧಿಯನ್ನು ಕಪ್ಪು ತುಕ್ಕು ನಾಶ ಮಾಡಿತ್ತು. ಬೆಟ್ಟದಿಂದ ಬಯಲಿಗೆ ರೋಗ ಹೀಗೆ ದೂರ ಪಯಣ ಮಾಡಬಲ್ಲದು ಎಂಬುದನ್ನು ನೆನೆದರೆ ಅಂತಹ ವಿಪತ್ತು ಅರ್ಥವಾಗುತ್ತದೆ.

ಕೃಷ್ಣಾ, ಘಟಪ್ರಭಾ ನದಿಗಳ ಈ ಸೀಮೆ ನೀಲಗಿರಿಗೂ ಮಧ್ಯ ಭಾರತಕ್ಕೂ ನಡುವೆ ಇದೆ. ಇಲ್ಲಿಯ ಗೋಧಿಯ ಮೇಲೆ ರೋಗ ಬೇಗ ಕಾಣಿಸಿಕೊಂಡು ಹೆಚ್ಚಿದರೆ, ಅದರ ಪುಡಿ ಮುಂದಿನ ಊರುಗಳ ಬೆಳೆಗೂ ಹೋಗುತ್ತದೆ. ಇನ್ನೊಂದು ಮಾತು: ರೋಗ ಬರುವುದು ಗಾಳಿಯಿಂದ, ಬೀಜದಿಂದಲೂ ಅಲ್ಲ, ಮಣ್ಣಿನಿಂದಲೂ ಅಲ್ಲ. ಆದ್ದರಿಂದ ತುಕ್ಕಿಗೆಂದು ಹೊಟ್ಟು, ಕೂಳೆ ಸುಡುವುದರಿಂದಾಗಲಿ ಮಣ್ಣಿಗೆ ಔಷಧಿ ಹಾಕುವುದರಿಂದಾಗಲಿ ಪ್ರಯೋಜನವಿಲ್ಲ.

ಹಿಂದಿನ ಅನುಭವಗಳು

1967ರಲ್ಲಿ ಬಿಡುಗಡೆಯಾದ ಕಲ್ಯಾಣ ಸೋನಾ ತಳಿ ಕೆಲವೇ ವರ್ಷಗಳಲ್ಲಿ ಉತ್ತರ ಭಾರತವನ್ನು ವ್ಯಾಪಿಸಿತು. 1970ರ ದಶಕದ ಆರಂಭದಲ್ಲಿಯೇ ಅದು ಕಂದು ತುಕ್ಕಿಗೆ ಬಲಿಯಾಯಿತು. 1995ರಲ್ಲಿ ಬಿಡುಗಡೆಯಾದ ಪಿಬಿಡಬ್ಲ್ಯು 343 ತಳಿ ಪಂಜಾಬ, ಹರಿಯಾಣಗಳಲ್ಲಿ ಲಕ್ಷಾಂತರ ಹೆಕ್ಟೇರುಗಳಲ್ಲಿ ಬೆಳೆಯಿತು. 2001ರಲ್ಲಿ 78ಎಸ್84 ಎಂಬ ಹಳದಿ ತುಕ್ಕಿನ ಪಂಗಡ ಕಾಣಿಸಿಕೊಂಡು ಅದರ ನಿರೋಧಕ ಶಕ್ತಿಯನ್ನು ಮೀರಿತು. ಎರಡರಲ್ಲಿಯೂ ತಳಿಗಳು ಉತ್ತಮವಾಗಿಯೇ ಇದ್ದವು. ಒಂದೇ ತಳಿಯನ್ನು ಎಲ್ಲೆಡೆ ಬಿತ್ತಿದ್ದೇ ತೊಂದರೆಗೆ ಕಾರಣ.

1998ರಲ್ಲಿ ಉಗಾಂಡಾ ದೇಶದಲ್ಲಿ ಕಪ್ಪು ತುಕ್ಕಿನ ಯುಜಿ 99 ಪಂಗಡ ಕಂಡುಬಂತು. ರೈ ಎಂಬ ಧಾನ್ಯದಿಂದ ಗೋಧಿಗೆ ತಂದಿದ್ದ ‘ಎಸ್‌ಆರ್ 31’ ವಂಶವಾಹಿಯನ್ನು ಜಗತ್ತಿನ ಅನೇಕ ತಳಿಗಳು ನಂಬಿಕೊಂಡಿದ್ದವು. ಈ ಪಂಗಡ ಅದನ್ನೇ ಮೀರಿತು. ಕೀನ್ಯಾ, ಇಥಿಯೋಪಿಯ, ಯೆಮೆನ್ ದಾಟಿ 2007ರ ಹೊತ್ತಿಗೆ ಇರಾನ್‌ನಲ್ಲಿಯೂ ಕಂಡಿತು. ನಮ್ಮ ದೇಶದಲ್ಲಿ ಅದು ಕಂಡುಬಂದಿಲ್ಲ. ಆದರೂ ನಮ್ಮ ತಳಿಗಳನ್ನು ಕೀನ್ಯಾದ ಎನ್‌ಜೋರೊ ಕೇಂದ್ರದಲ್ಲಿ ಆ ರೋಗಕ್ಕೆ ಒಡ್ಡಿ ಮುಂಚಿತವಾಗಿಯೇ ಪರೀಕ್ಷಿಸಲಾಗಿದೆ.

ನಮ್ಮ ಜವೆ ಗೋಧಿಗೂ ಈ ನಿಯಮದಿಂದ ವಿನಾಯಿತಿ ಇಲ್ಲ. ಖಪ್ಲಿಯಿಂದ ಪಡೆದ ಎಸ್‌ಆರ್ 13 ಮತ್ತು ಎಸ್‌ಆರ್ 14 ಎಂಬ ವಂಶವಾಹಿಗಳನ್ನು ತಳಿ ವಿಜ್ಞಾನಿಗಳು ಬೇರೆ ಗೋಧಿಗಳಿಗೆ ಕೊಟ್ಟಿದ್ದಾರೆ. ಆದರೆ ಎಸ್‌ಆರ್ 13ನ್ನು ಮೀರಿದ ಪಂಗಡಗಳು ಇಥಿಯೋಪಿಯದಲ್ಲಿ ಕಂಡುಬಂದಿವೆ. “ಜವೆಗೆ ತುಕ್ಕು ಹತ್ತುವುದೇ ಇಲ್ಲ” ಎಂದು ನಿಶ್ಚಿಂತೆಯಿಂದ ಇರಬಾರದು.

ಹೆಚ್ಚು ಬಾಳುವ ನಿರೋಧಕ ಶಕ್ತಿ

ಎಲ್ಲ ನಿರೋಧಕ ಶಕ್ತಿಯೂ ಹೀಗೆ ಬೇಗ ಸೋಲುವುದಿಲ್ಲ. ಕೆಲವು ವಂಶವಾಹಿಗಳು ರೋಗವನ್ನು ಪೂರ್ತಿ ತಡೆಯುವುದಿಲ್ಲ. ಗುಳ್ಳೆಗಳನ್ನು ಸಣ್ಣದಾಗಿಸಿ, ತಡವಾಗಿ ಏಳುವಂತೆ ಮಾಡಿ, ರೋಗದ ನಡಿಗೆಯನ್ನು ನಿಧಾನಗೊಳಿಸುತ್ತವೆ. ಅಮೆರಿಕದ ಇ.ಎಸ್. ಮ್ಯಾಕ್‌ಫ್ಯಾಡೆನ್ ಅವರು ಯಾರೊಸ್ಲಾವ್ ಎಂಬ ಗೋಧಿಯಿಂದ ಎಸ್‌ಆರ್ 2 ಎಂಬ ವಂಶವಾಹಿಯನ್ನು ಚಪಾತಿ ಗೋಧಿಗೆ ತಂದು, 1920ರ ದಶಕದಲ್ಲಿ ‘ಹೋಪ್’ ತಳಿಯನ್ನು ಕೊಟ್ಟರು. ಯಾರೊಸ್ಲಾವ್ ನಮ್ಮ ಜವೆ ಗೋಧಿಯ ಜಾತಿಗೇ ಸೇರಿದ್ದು. ನಾರ್ಮನ್ ಬೋರ್ಲಾಗ್ ಅವರ ಮೆಕ್ಸಿಕೊ ಗೋಧಿಗಳಿಗೂ ಈ ವಂಶವಾಹಿ ಬಂತು. ನೂರು ವರ್ಷದ ಹತ್ತಿರವಾದರೂ ಅದು ಇನ್ನೂ ಕೆಲಸ ಮಾಡುತ್ತಿದೆ.

ಇದಕ್ಕೆ ಸಂಬಂಧಿಸಿದ ಒಂದು ಸೂಚನೆ. ಎಸ್‌ಆರ್ 2 ಇರುವ ಕೆಲವು ತಳಿಗಳಲ್ಲಿ ತೆನೆಯ ಹೊಟ್ಟು ಮತ್ತು ಗಣ್ಣಿನ ಕೆಳಭಾಗ ಕಪ್ಪಾಗುತ್ತವೆ. ಉಜ್ಜಿದರೆ ಪುಡಿ ಬರುವುದಿಲ್ಲ. ಇದು ರೋಗವಲ್ಲ, ತಳಿಯ ಲಕ್ಷಣ. ಇದಕ್ಕೆ ಔಷಧಿ ಹೊಡೆಯಬೇಡಿ.

ಇಂದಿನ ತಳಿ ವಿಜ್ಞಾನಿಗಳು ಒಂದೇ ತಳಿಯಲ್ಲಿ ಎರಡು ಮೂರು ನಿರೋಧಕ ವಂಶವಾಹಿಗಳನ್ನು ಕೂಡಿಸುತ್ತಾರೆ. ಒಬ್ಬ ಕಾವಲುಗಾರನ ಕಣ್ಣು ತಪ್ಪಿಸಿದ ಶಿಲೀಂಧ್ರ ಇನ್ನೊಬ್ಬನ ಕೈಗೆ ಸಿಕ್ಕುತ್ತದೆ. ಎರಡೂ ಗುರುತುಗಳನ್ನು ಒಮ್ಮೆಗೇ ಕಳಚುವುದು ಅದಕ್ಕೆ ಬಹಳ ಕಷ್ಟ.

ಹೊಲದಲ್ಲಿಯೇ ಪರೀಕ್ಷೆ ಮಾಡಿ

ನಂಬಿಕೆಯ ತಳಿಗೆ ತುಕ್ಕು ಹತ್ತಿದಾಗ ಹೊಲದೊಳಗೆ ಅಡ್ಡಲಾಗಿ ನಡೆದು ನೋಡಿ.

ತುಕ್ಕು ಹತ್ತಿದ ಗಿಡಗಳು ಮಾತ್ರ ಎತ್ತರದಲ್ಲಿಯೋ ತೆನೆಯ ಆಕಾರದಲ್ಲಿಯೋ ಮೀಸೆಯ ಬಣ್ಣದಲ್ಲಿಯೋ ಬೇರೆಯಾಗಿವೆಯೇ? ಹಾಗಿದ್ದರೆ ಬೀಜ ಕಲಬೆರಕೆಯಾಗಿದೆ. ಅಲ್ಲಿ ಬೀಜದ ದೋಷವಿದೆ.

ತಳಿಯ ಲಕ್ಷಣವುಳ್ಳ ಗಿಡಗಳಿಗೇ, ಎಲ್ಲೆಡೆ ಸಮನಾಗಿ, ದೊಡ್ಡ ಗುಳ್ಳೆಗಳೊಡನೆ ರೋಗ ಹತ್ತಿದೆಯೇ? ಹಾಗಿದ್ದರೆ ಆ ತಳಿಯನ್ನು ಗೆಲ್ಲುವ ಪಂಗಡ ಬಂದಿರುವ ಸಂಭವ ಹೆಚ್ಚು. ಅದೇ ತಳಿಯ ಬೇರೆ ಬೀಜ ತಂದರೂ ಫಲವಿಲ್ಲ.

ಮೊದಮೊದಲು ಒಂದೆರಡು ಮಾರು ಅಗಲದ ಜಾಗದಲ್ಲಿ ಮಾತ್ರ ರೋಗ ಕಂಡರೆ ಅದೇ ರೋಗದ ಬೀಡು. ಕೂಡಲೆ ಗಮನ ಕೊಡಬೇಕಾದ ಸ್ಥಿತಿ ಇದು.

ಎರಡನೆಯ ಅಥವಾ ಮೂರನೆಯ ಸ್ಥಿತಿ ಇದ್ದರೆ ಮಾದರಿ ಕಳಿಸಿರಿ. ರೋಗವಿರುವ ಹತ್ತಿಪ್ಪತ್ತು ಎಲೆ ಅಥವಾ ದಂಟಿನ ತುಂಡುಗಳನ್ನು ಕಾಗದದ ನಡುವೆ ಇಟ್ಟು ನೆರಳಿನಲ್ಲಿ ಆರಿಸಿ, ಕಾಗದದ ಲಕೋಟೆಯಲ್ಲಿ ಹಾಕಿ. ಪ್ಲಾಸ್ಟಿಕ್ ಚೀಲ ಬೇಡ. ಒಳಗೆ ಬೆವರಿ ಕಣಗಳು ಸಾಯುತ್ತವೆ. ತಳಿಯ ಹೆಸರು, ಊರು, ಬಿತ್ತಿದ ದಿನ, ಎಲೆ ಕಿತ್ತ ದಿನ ಬರೆದು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೋ ಕೃಷಿ ವಿಜ್ಞಾನ ಕೇಂದ್ರಕ್ಕೋ ಕೊಡಿ. ಅಲ್ಲಿಂದ ಮಾದರಿಗಳನ್ನು ಧಾರವಾಡದ ಗೋಧಿ ವಿಭಾಗದ ಮೂಲಕ ಮಹಾಬಳೇಶ್ವರ ಅಥವಾ ಸಿಮ್ಲಾದ ತುಕ್ಕು ಸಂಶೋಧನಾ ಕೇಂದ್ರಕ್ಕೆ ಕಳಿಸಬಹುದು. ನಿಮ್ಮ ಹೊಲದ ಹತ್ತು ಎಲೆಗಳು ಮುಂದಿನ ತಳಿಯ ಆಯ್ಕೆಗೆ ದಾರಿ ತೋರಿಸಬಲ್ಲವು.

ರೈತರು ಅನುಸರಿಸಬೇಕಾದ ಕ್ರಮಗಳು

1. ಊರಿಗೆಲ್ಲ ಒಂದೇ ತಳಿ ಬೇಡ. ನೆರೆಹೊರೆಯವರು ಕೂಡಿ ಮಾತಾಡಿಕೊಂಡು ಜವೆ, ಬನ್ಸಿ, ಚಪಾತಿ ಗೋಧಿಗಳನ್ನು ಹಂಚಿಕೊಂಡು ಬಿತ್ತಿರಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಜವೆಯಲ್ಲಿ ಡಿಡಿಕೆ 1025, ಡಿಡಿಕೆ 1029. ಬನ್ಸಿಯಲ್ಲಿ ಯುಎಎಸ್ 428, ಯುಎಎಸ್ 446. ಚಪಾತಿ ಗೋಧಿಯಲ್ಲಿ ಯುಎಎಸ್ 304, ಯುಎಎಸ್ 375 ಮೊದಲಾದ ತಳಿಗಳನ್ನು ಹೊರತಂದಿದೆ. ನಿಮ್ಮ ನೀರಿನ ಅನುಕೂಲಕ್ಕೆ ಯಾವುದು ತಕ್ಕದ್ದು ಎಂದು ಕೇಳಿ ಆರಿಸಿರಿ.

2. ಹಳೆಯ ತಳಿಯ ಮೋಹ ಬಿಡಿ. 1980ರ ದಶಕದಿಂದ ಬಳಕೆಯಲ್ಲಿರುವ ಲೋಕ್-1 ತಳಿಯ ಕಾಳು ಚೆನ್ನಾಗಿದ್ದರೂ ಅದು ತುಕ್ಕಿಗೆ ಸುಲಭವಾಗಿ ಒಳಗಾಗುತ್ತದೆ. ಪ್ರತಿ ವರ್ಷದ ಶಿಫಾರಸನ್ನು ವಿಚಾರಿಸಿ. ತುಕ್ಕು ಕಂಡ ತಳಿಯನ್ನು ಮರುವರ್ಷ ಬದಲಿಸಿರಿ.

3. ಬಿತ್ತನೆ ತಡಮಾಡಬೇಡಿ. ನೀರಾವರಿ ಗೋಧಿಗೆ ನವೆಂಬರ್ ಮೊದಲ ಪಕ್ಷ ಉತ್ತಮ. ಕಬ್ಬು ಕಡಿದ ಮೇಲೆ ಡಿಸೆಂಬರಿನಲ್ಲಿ ಬಿತ್ತಿದ ಗೋಧಿ ಸುತ್ತಲಿನ ಹೊಲಗಳಲ್ಲಿ ರೋಗದ ಪುಡಿ ಹೆಚ್ಚಿದ ಕಾಲದಲ್ಲಿ ಎಳೆಯದಾಗಿ ನಿಂತಿರುತ್ತದೆ. ಕಾಳು ತುಂಬುವಾಗ ಬಿಸಿಲೂ ಏರುತ್ತದೆ. ತಡವಾಗಿ ಬಿತ್ತಲೇಬೇಕಾದರೆ ಬೇಗ ಬರುವ, ತುಕ್ಕು ತಡೆಯುವ ತಳಿಯನ್ನೇ ಆರಿಸಿರಿ.

4. ಸಾರಜನಕ ಗೊಬ್ಬರವನ್ನು ಶಿಫಾರಸಿಗಿಂತ ಹೆಚ್ಚು ಹಾಕಬೇಡಿ. ಬೆಳೆ ಸೊಕ್ಕಿ ದಟ್ಟವಾದರೆ ಒಳಗೆ ತೇವ ಆರುವುದಿಲ್ಲ. ತುಂತುರು ನೀರಾವರಿ ಇದ್ದರೆ ಸಂಜೆಯ ಬದಲು ಬೆಳಗ್ಗೆ ನೀರು ಕೊಡಿ.

5. ಡಿಸೆಂಬರ್ ನಡುವಿನಿಂದ ವಾರಕ್ಕೊಮ್ಮೆ ಹೊಲ ನೋಡಿ. ನವೆಂಬರ್-ಡಿಸೆಂಬರಿನಲ್ಲಿ ಚಂಡಮಾರುತದ ಮಳೆ ಬಂದಿದ್ದರೆ ವಿಶೇಷ ಎಚ್ಚರ ಇರಲಿ.

6. ಮೊದಲ ಗುಳ್ಳೆಗಳು ಕಂಡ ಕೂಡಲೆ ಪ್ರೊಪಿಕೊನಝೋಲ್ 25 ಇಸಿ ಔಷಧಿಯನ್ನು ಒಂದು ಲೀಟರ್ ನೀರಿಗೆ 1 ಮಿ.ಲೀ.ನಂತೆ ಬೆರೆಸಿ, ಎಕರೆಗೆ ಸುಮಾರು 200 ಲೀಟರ್ ದ್ರಾವಣವನ್ನು ಎಲೆಯ ಎರಡೂ ಬದಿ ನೆನೆಯುವಂತೆ ಸಿಂಪಡಿಸಿರಿ. ರೋಗ ಮುಂದುವರಿದರೆ 15 ದಿನಗಳ ನಂತರ ಮತ್ತೊಮ್ಮೆ ಸಿಂಪಡಿಸಿರಿ. ಕೊಯಿಲಿಗೆ ಎಷ್ಟು ದಿನ ಮೊದಲು ಸಿಂಪಡಣೆ ನಿಲ್ಲಿಸಬೇಕೆಂದು ಡಬ್ಬಿಯ ಮೇಲಿನ ಸೂಚನೆ ಓದಿ. ಕಾಳು ಬಲಿತ ಮೇಲೆ ಹೊಡೆದರೆ ಹಣ ದಂಡ.

ಔಷಧಿ ಈ ವರ್ಷದ ಬೆಳೆಯನ್ನು ಉಳಿಸೀತು. ಮುಂದಿನ ವರ್ಷ ನೀಲಗಿರಿಯಿಂದ ಬರುವ ಪುಡಿಯನ್ನು ಅದು ತಡೆಯಲಾರದು. ಅದನ್ನು ತಡೆಯಬಲ್ಲದ್ದು ಸರಿಯಾದ ತಳಿ, ಅದೂ ಒಂದಲ್ಲ, ಹಲವು. ಶಿಲೀಂಧ್ರ ಬದಲಾಗುತ್ತಲೇ ಇರುತ್ತದೆ; ವಿಜ್ಞಾನಿಗಳು ಹೊಸ ತಳಿ ಕೊಡುತ್ತಲೇ ಇರಬೇಕು; ರೈತರು ತಳಿ ಬದಲಿಸುತ್ತಲೇ ಇರಬೇಕು. ಈ ಹಿಂಗಾರಿಯ ಬೀಜ ತರುವ ಮೊದಲು ನೆರೆಯ ನಾಲ್ಕು ಜನ ರೈತರನ್ನು ಕೇಳಿ, ಅವರು ಯಾವ ತಳಿ ಬಿತ್ತುತ್ತಾರೆಂದು ತಿಳಿದುಕೊಳ್ಳಿ. ಎಲ್ಲರದೂ ಒಂದೇ ಆಗಿದ್ದರೆ ನೀವು ಶಿಫಾರಸಿನ ಇನ್ನೊಂದು ತಳಿಯನ್ನು ತನ್ನಿ.